ಮಣೆ ನಮ್ಮಲ್ಲಿ, ಒರಳು ಅವರಲ್ಲಿ

ನಮ್ಮ ಕಚೇರಿಗೆ ಸಂಜೆಯ ಚಹಾ ಬರುವುದು ನಾಲ್ಕು ಗಂಟೆಗೆ. ಕಾಸರಗೋಡಿನ ವಿದ್ಯಾನಗರದ ಈ ಕಟ್ಟಡದ ಎರಡನೆಯ ಮಹಡಿಯಲ್ಲಿ ನಾವು ಹನ್ನೊಂದು ಮಂದಿ ಕೆಲಸ ಮಾಡುತ್ತೇವೆ. ಮಲೆಯಾಳ, ತುಳು, ಕನ್ನಡ, ಕೊಂಕಣಿ, ಬ್ಯಾರಿ ಎಂದು ಒಬ್ಬೊಬ್ಬರದು ಒಂದೊಂದು ಮನೆಮಾತಾದ್ದರಿಂದ, ಯಾರಾದರೂ ಡಬ್ಬಿ ತೆರೆದರೆ ಒಳಗಿನ ತಿಂಡಿಗೆ ಮೂರು ನಾಲ್ಕು ಹೆಸರುಗಳು ಒಟ್ಟಿಗೇ ಕೇಳಿಬರುವುದು ನಮಗೆ ರೂಢಿಯಾಗಿದೆ. ಕಳೆದ ವಾರ, ಜೂನ್ ತಿಂಗಳ ಮಳೆ ಕಿಟಕಿಯ ಗಾಜಿಗೆ ಬಡಿಯುತ್ತಿದ್ದ ಒಂದು ಸಂಜೆ, ನೀಲೇಶ್ವರದಿಂದ ದಿನವೂ ರೈಲಿನಲ್ಲಿ ಬರುವ ಸಹೋದ್ಯೋಗಿಯೊಬ್ಬರು ಅಗಲವಾದ ಸ್ಟೀಲಿನ ಡಬ್ಬಿಯನ್ನು ಮೇಜಿನ ನಡುವೆ ಇಟ್ಟು ಮುಚ್ಚಳ ತೆಗೆದರು. ಬೆಳಿಗ್ಗೆ ತೆಂಗಿನೆಣ್ಣೆಯಲ್ಲಿ ಕರಿದು ತಂದ ಹಲಸಿನ ಹಪ್ಪಳಗಳು ಅದರಲ್ಲಿದ್ದವು. ‘ಚಕ್ಕ ಪಪ್ಪಡಂ’ ಎಂದರು ಅವರು. ತೇವದ ಗಾಳಿಗೆ ಅಂಚಿನಲ್ಲಿ ತುಸು ಮೆತ್ತಗಾಗಿದ್ದರೂ ಹಪ್ಪಳದ ಪರಿಮಳ ಕಡಿಮೆಯಾಗಿರಲಿಲ್ಲ. ತೆಂಗಿನಕಾಯಿಯ ಹೋಳುಗಳನ್ನೂ ಅವರು ಮರೆಯದೆ ತಂದಿದ್ದರು. ಹಲಸಿನ ಹಪ್ಪಳಕ್ಕೆ ತೆಂಗಿನ ಹೋಳು ಜೊತೆಯಾಗಬೇಕೆಂಬುದು ಚಂದ್ರಗಿರಿ ಹೊಳೆಯ ಆಚೆಯೂ ಇರುವ ಪದ್ಧತಿ ಎಂದು ನನಗೆ ಆ ದಿನ ತಿಳಿಯಿತು.

ನಾನು ಒಂದನ್ನು ತಿಂದೆ, ರುಚಿಯಾಗಿತ್ತು. ಆದರೆ ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಆ ರುಚಿಯಲ್ಲ. ನಮ್ಮ ಕಚೇರಿಯ ಇನ್ನೊಬ್ಬರು ಕೇಳಿದ್ದರೆಂದು ಅವರು ಕರಿಯದ ಹಪ್ಪಳಗಳ ಒಂದು ಕಟ್ಟನ್ನೂ ತಂದಿದ್ದರು, ಅವರ ಅತ್ತೆಯ ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘ) ಘಟಕದ ಹೆಂಗಸರು ಬೇಸಗೆಯಲ್ಲಿ ಒತ್ತಿ ಒಣಗಿಸಿದ್ದು. ಆ ಕಟ್ಟಿನಿಂದ ಒಂದನ್ನು ಎತ್ತಿಕೊಂಡು ಸುಮ್ಮನೆ ತಿರುವಿದಾಗ ಹಪ್ಪಳದ ಬೆನ್ನಿನಲ್ಲಿ ಓಲೆಚಾಪೆಯ ನೇಯ್ಗೆಯ ಗುರುತು ಬೆರಳಿಗೆ ತಾಗಿತು. ಪ್ಲಾಸ್ಟಿಕ್ ಹಾಳೆಯ ಮೇಲೆ ಒಣಗಿದ ಹಪ್ಪಳದ ಬೆನ್ನು ನುಣುಪಾಗಿರುತ್ತದೆ. ಹಸಿಯಾಗಿರುವಾಗಲೇ ಚಾಪೆಗೆ ಹಾಕಿದ ಹಪ್ಪಳ ಮಾತ್ರ ಓಲೆಯ ಅಡ್ಡ ಎಳೆ, ನೇರ ಎಳೆಗಳನ್ನು ಮೈಮೇಲೆ ಉಳಿಸಿಕೊಳ್ಳುತ್ತದೆ. ಸುಮಾರು ಮೂವತ್ತು ವರ್ಷಗಳಿಂದ ನಾನು ಆ ಗುರುತನ್ನು ಮುಟ್ಟಿರಲಿಲ್ಲ. ನಾನು ಕಡತವನ್ನು ಬದಿಗಿಟ್ಟು, ಚಹಾ ತಣಿಯುವವರೆಗೂ ಆ ಒಂದು ಹಪ್ಪಳವನ್ನು ಕೈಯಲ್ಲಿ ಹಿಡಿದುಕೊಂಡೇ ಕುಳಿತೆ.

ನಮ್ಮ ಹಿರಿಯರ ಮನೆ ಇರುವುದು ಪೆರ್ಲದಿಂದ ಸ್ವಲ್ಪ ಮುಂದೆ, ಪುತ್ತೂರಿಗೆ ಹೋಗುವ ದಾರಿಯು ಅಡ್ಕಸ್ಥಳದಲ್ಲಿ ಕರ್ನಾಟಕವನ್ನು ಸೇರುವ ಕಡೆಗೆ. ಅಡಿಕೆ ತೋಟ, ಅದರ ಮೇಲೆ ಮನೆ, ಮನೆಯ ಮುಂದೆ ಅಡಿಕೆ ಒಣಗಿಸುವ ವಿಶಾಲವಾದ ಅಂಗಳ. ಚಾಲಿ ಅಡಿಕೆಗೆ ನಲ್ವತ್ತು ನಲ್ವತ್ತೈದು ದಿನಗಳ ಬಿಸಿಲು ಬೇಕಾಗುವುದರಿಂದ ಮಾರ್ಚ್ ತಿಂಗಳು ಮುಗಿಯುವವರೆಗೂ ಆ ಅಂಗಳ ನಮ್ಮದಾಗಿರುತ್ತಿರಲಿಲ್ಲ. ಕೊನೆಯ ಕೊಯ್ಲಿನ ಅಡಿಕೆಯನ್ನು ಒಟ್ಟುಮಾಡಿ ಒಳಗೆ ಹಾಕಿದ ಮೇಲೆ, ಏಪ್ರಿಲ್ ನಡುವಿನ ವಿಷು ಹಬ್ಬ ಕಳೆದ ಬಳಿಕ, ಅಂಗಳವನ್ನು ಗುಡಿಸಿ ಸೆಗಣಿ ಸಾರಿಸಿದರೆ, ಇನ್ನು ಹಪ್ಪಳದ ದಿನಗಳು ಬಂದವೆಂದೇ ಅರ್ಥ.

ಯಾವ ಮರದ ಕಾಯಿ ಎಂಬುದನ್ನು ನಿರ್ಧರಿಸುವ ಅಧಿಕಾರ ಅಜ್ಜಿಯದು. ಹಪ್ಪಳಕ್ಕೆ ಕಾಯಿ ಚೆನ್ನಾಗಿ ಬಲಿತಿರಬೇಕು, ಆದರೆ ಹಣ್ಣಾಗುವ ಸುಳಿವೂ ಇರಬಾರದು. ಹಣ್ಣಾಗತೊಡಗಿದ ಸೊಳೆಯಲ್ಲಿ ಹಿಟ್ಟಿನಂಶ ಸಕ್ಕರೆಯಾಗಿರುತ್ತದೆ. ಅಂಥ ಹಪ್ಪಳ ಎಣ್ಣೆಗೆ ಬಿದ್ದ ಕೂಡಲೇ ಕೆಂಪಾಗಿ ಕರಕಲಾಗುತ್ತದೆ. ಅಜ್ಜಿ ಈ ಕಾರಣವನ್ನು ಹೀಗೆ ಹೇಳಿದವರಲ್ಲ. ಅವರು ಮರದ ಬುಡದಲ್ಲಿ ನಿಂತು, ಕೈಗೆ ಎಟುಕುವ ಕಾಯಿಯನ್ನು ಬೆರಳ ಗಂಟಿನಿಂದ ಬಡಿದು, ಕಿವಿಗೊಟ್ಟು ಕೇಳಿ, ಇದು ನಾಳೆಗೆ, ಅದು ಇನ್ನೆಂಟು ದಿನ ಬಿಟ್ಟು ಎಂದು ಹೇಳುತ್ತಿದ್ದರು. ಮೇಲಿನ ಕಾಯಿಗಳನ್ನು ದೊಡ್ಡಪ್ಪ ಮರ ಹತ್ತಿ ಹಗ್ಗ ಕಟ್ಟಿ ಇಳಿಸುತ್ತಿದ್ದರು; ಕೆಳಗೆ ಹಗ್ಗ ಹಿಡಿದು ನಿಲ್ಲುವವರು ಅಪ್ಪ. ಕಾಯಿ ನೆಲಕ್ಕೆ ಬಿದ್ದು ಒಡೆಯಬಾರದೆಂದು ಒಬ್ಬರು ಬಿಟ್ಟಷ್ಟೇ ಹಗ್ಗವನ್ನು ಇನ್ನೊಬ್ಬರು ಸಡಿಲಿಸಬೇಕಾಗುತ್ತಿತ್ತು. ಆ ಕೆಲಸದಲ್ಲಿ ಅವರಿಬ್ಬರ ನಡುವೆ ಮಾತೇ ಇರುತ್ತಿರಲಿಲ್ಲ, ಬೇಕಾಗುತ್ತಲೂ ಇರಲಿಲ್ಲ.

ಬೆಳಗಿನ ಜಾವಕ್ಕೆ ಕತ್ತಿಗೂ ಕೈಗೂ ತೆಂಗಿನೆಣ್ಣೆ ಸವರಿಕೊಂಡು ಕಾಯಿ ಕೊರೆಯಲು ಕುಳಿತರೆ ಹೆಂಗಸರೆಲ್ಲ ಒಂದು ಸುತ್ತು ಸೇರುತ್ತಿದ್ದರು. ಅಮ್ಮ, ದೊಡ್ಡಮ್ಮ, ಮದುವೆಯಾಗದ ಅತ್ತೆ, ನೆರೆಮನೆಯ ಇಬ್ಬರು. ಮೇಣವನ್ನು ಕೋಲಿಗೆ ಸುತ್ತುವುದು, ನಡುವಿನ ಗೂಂಜನ್ನು ಬೇರೆ ಮಾಡುವುದು, ಹೊರಗಿನ ಸಿಪ್ಪೆಯಾದ ರೆಚ್ಚೆಯನ್ನು ಹಸುಗಳಿಗೆ ಒಯ್ಯುವುದು, ಬೇಳೆಗಳನ್ನು ಉಪ್ಪಿನಲ್ಲಿ ಬೇಯಿಸಿ ಒಣಗಿಸುವ ಸಾಂತಾಣಿಗೆಂದು ಒಂದು ಕಡೆ ರಾಶಿ ಹಾಕುವುದು, ಹೀಗೆ ಏನೊಂದೂ ಹಾಳಾಗದಂತೆ ಕೆಲಸ ಸಾಗುತ್ತಿತ್ತು. ಬಿಡಿಸಿದ ಸೊಳೆ ಅಟ್ಟಿನಳಗೆಯಲ್ಲಿ ಹಬೆಯಲ್ಲಿ ಬೇಯುತ್ತಿತ್ತು. ಬೆಂದ ಸೊಳೆಯನ್ನು ಬಿಸಿ ಆರುವ ಮೊದಲೇ ಒರಳಿಗೆ ಹಾಕಿ ಕುಟ್ಟಬೇಕು. ತಣಿದರೆ ನಾರು ಬಿಗಿದುಕೊಂಡು ಹಿಟ್ಟು ನುಣ್ಣಗಾಗುವುದಿಲ್ಲ. ಅಮ್ಮನೂ ದೊಡ್ಡಮ್ಮನೂ ಎದುರು ಬದುರು ನಿಂತು, ಒಬ್ಬರ ಒನಕೆ ಏಳುವಾಗ ಇನ್ನೊಬ್ಬರ ಒನಕೆ ಇಳಿಯುವಂತೆ ಕುಟ್ಟುತ್ತಿದ್ದರು. ಅಜ್ಜಿ ಒರಳಿನ ಬದಿಯಲ್ಲಿ ಕುಳಿತು, ಎರಡು ಪೆಟ್ಟುಗಳ ನಡುವಿನ ಕ್ಷಣದಲ್ಲಿ ಕೈ ಹಾಕಿ ಹಿಟ್ಟನ್ನು ಒಳಕ್ಕೆ ತಳ್ಳುತ್ತಿದ್ದರು. ಉಪ್ಪು, ಮೆಣಸಿನ ಹುಡಿ, ಕೊತ್ತಂಬರಿ, ಜೀರಿಗೆ ಬೀಳುವುದು ಅವರ ಕೈಯಿಂದಲೇ, ಅಳತೆಯೂ ಅವರ ಕೈಯದೇ.

ಕುಟ್ಟಿದ ಹಿಟ್ಟನ್ನು ನೆಲ್ಲಿಕಾಯಿಗಿಂತ ತುಸು ದೊಡ್ಡ ಉಂಡೆಗಳನ್ನಾಗಿ ಮಾಡಿ, ಎಣ್ಣೆ ಸವರಿದ ಎರಡು ಬಾಳೆಲೆಗಳ ನಡುವೆ ಇಟ್ಟು, ಮಣೆಯಲ್ಲಿ ಒತ್ತುತ್ತಿದ್ದರು. ನಮ್ಮ ಮಣೆ ಹಲಸಿನ ಮರದ್ದೇ ಆಗಿತ್ತು. ಕೆಳಗೆ ದಪ್ಪ ಹಲಗೆ, ಮೇಲೆ ಹಿಡಿಯುಳ್ಳ ಇನ್ನೊಂದು ಹಲಗೆ, ಎರಡನ್ನೂ ಒಂದು ತುದಿಯಲ್ಲಿ ಜೋಡಿಸಿದ ಕಬ್ಬಿಣದ ಬಿಜಾಗರಿ. ಅಜ್ಜ ಮಾಡಿಸಿದ್ದಂತೆ. ಒತ್ತಿದ ಹಪ್ಪಳವನ್ನು ಎಲೆಯಿಂದ ಬಿಡಿಸಿ ಅಂಗಳದಲ್ಲಿನ, ಕೇದಗೆ ಜಾತಿಯ ಮುಂಡೇವಿನ ಓಲೆಯ ಚಾಪೆಗೆ ಹಾಕುವುದು ಮಕ್ಕಳ ಕೆಲಸ. ಬಿಡಿಸುವಾಗ ಹರಿದುಹೋದ ಹಪ್ಪಳ ನಮಗೆ ಸೇರಿದ್ದೆಂಬ ನಿಯಮವಿತ್ತು. ತೆಂಗಿನೆಣ್ಣೆಯ ಒಂದು ತೊಟ್ಟು ಹಾಕಿ ತಿಂದ ಹಸಿ ಹಿಟ್ಟಿನ ಆ ಉಪ್ಪುಖಾರದ ರುಚಿಯನ್ನು ಕರಿದ ಹಪ್ಪಳ ಎಂದೂ ಮೀರಿಸಿಲ್ಲವೆಂದು ನಾನು ಈಗಲೂ ಹೇಳುತ್ತೇನೆ, ಹಪ್ಪಳ ಮಾಡುವ ಮನೆಯಲ್ಲಿ ಬೆಳೆದ ಯಾರೂ ಇದನ್ನು ಅಲ್ಲಗಳೆಯಲಾರರು. ಕಾಗೆ, ಕೋಳಿ, ಮತ್ತು ಅಕ್ಕಪಕ್ಕದ ಮನೆಗಳ ಬೆಕ್ಕುಗಳನ್ನು ಓಡಿಸುತ್ತ, ಮಧ್ಯಾಹ್ನಕ್ಕೊಮ್ಮೆ ಎಲ್ಲವನ್ನೂ ಮಗುಚಿ ಹಾಕುತ್ತ ನಾವು ಚಾಪೆಯ ಸುತ್ತಲೇ ದಿನ ಕಳೆಯುತ್ತಿದ್ದೆವು. ದಿನಕ್ಕೆ 500 ಹಪ್ಪಳವಾದರೆ ಅಜ್ಜಿಗೆ ಸಮಾಧಾನ. ಚೆನ್ನಾಗಿ ಒಣಗಿದ ಮೇಲೆ ಇಪ್ಪತ್ತೈದರ ಕಟ್ಟು ಮಾಡಿ, ಬಾಳೆಯ ನಾರಿನಿಂದ ಬಿಗಿದು, ತಗಡಿನ ಡಬ್ಬಿಗಳಿಗೆ ತುಂಬಿಸಿ ಅಟ್ಟಕ್ಕೇರಿಸುತ್ತಿದ್ದರು.

ಇದೆಲ್ಲವೂ ಪತ್ತನಾಜೆಯ ಒಳಗೆ ಮುಗಿಯಬೇಕು. ತುಳು ಪಂಚಾಂಗದ ಬೇಷ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ ತುಳುನಾಡಿನಲ್ಲಿ ಕೋಲ, ನೇಮಗಳು ನಿಲ್ಲುತ್ತವೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅಲ್ಲಿಂದಾಚೆ ಬಿಸಿಲನ್ನು ನಂಬುವಂತಿಲ್ಲ. ಅದುವರೆಗೆ ಕಣ್ಣೂರು ಜಿಲ್ಲೆಯಲ್ಲಿದ್ದ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದೂ 1984ರ ಮೇ 24ರಂದು, ಅಂದರೆ ಹೆಚ್ಚುಕಡಿಮೆ ಪತ್ತನಾಜೆಯ ಹೊತ್ತಿಗೆ. ಆಗ ನನಗೆ ಐದು ವರ್ಷ. ಜಗಲಿಯಲ್ಲಿ ಗಂಡಸರು ಜಿಲ್ಲೆಯ ವಿಷಯ ಮಾತನಾಡುತ್ತಿದ್ದಾಗ ಒಳಗೆ ಹೆಂಗಸರು ಆ ವರ್ಷದ ಕೊನೆಯ ಕಟ್ಟುಗಳನ್ನು ಎಣಿಸುತ್ತಿದ್ದರೆಂದು ಅಮ್ಮ ಮುಂದೆ ಹಲವು ಸಲ ಹೇಳಿದ್ದಾರೆ.

ಇದಾಗಿ ಮೂರು ವರ್ಷಕ್ಕೆ ನಮ್ಮ ಮನೆ ಪಾಲಾಯಿತು. ಕಾರಣಗಳನ್ನು ಇಲ್ಲಿ ಬರೆಯುವುದಿಲ್ಲ. ತೋಟದ ನೀರು, ಸಾಲದ ಬಡ್ಡಿ, ಯಾರೋ ಹೇಳಿದ ಒಂದು ಮಾತು, ಇವೆಲ್ಲ ಪಾಲಾಗುವ ಎಲ್ಲ ಮನೆಗಳಲ್ಲೂ ಇರುವಂಥವೇ. ಹಳೆಯ ಮನೆ ದೊಡ್ಡಪ್ಪನಿಗಾಯಿತು. ಅಪ್ಪ ಅದೇ ಅಂಗಳದ ಕೆಳಗಿನ ಬದಿಯಲ್ಲಿ ಹೊಸ ಮನೆ ಕಟ್ಟಿಸಿದರು. ಅಂಗಳದ ನಡುವೆ ಒಂದು ಗೆರೆ ಬಿತ್ತು. ಕಣ್ಣಿಗೆ ಕಾಣದ ಗೆರೆಯಾದರೂ ಅದು ಎಲ್ಲಿದೆಯೆಂದು ಮಕ್ಕಳಿಗೂ ಗೊತ್ತಿತ್ತು. ಪಾಲುಪಟ್ಟಿಯಲ್ಲಿ ಭೂಮಿ, ಬಾವಿ, ದಾರಿಯ ಹಕ್ಕು ಎಲ್ಲವೂ ಬರೆಯಲ್ಪಟ್ಟಿತು. ಪಾತ್ರೆ ಸಾಮಾನುಗಳು ಪಟ್ಟಿಗೆ ಬರಲಿಲ್ಲ, ಅವನ್ನು ಒಂದು ಮಧ್ಯಾಹ್ನ ಜಗಲಿಯಲ್ಲಿ ಹರಡಿ ಹಂಚಿಕೊಂಡರು. ಅದುವರೆಗೆ ಯಾವುದಕ್ಕೂ ಬಾಯಿ ಹಾಕದೆ ಕಂಬಕ್ಕೆ ಒರಗಿ ಕುಳಿತಿದ್ದ ಅಜ್ಜಿ ಆಗ ಒಂದೇ ಒಂದು ಮಾತನ್ನು ಹೇಳಿದರು. ನಮ್ಮ ಹವ್ಯಕ ಮನೆಮಾತಿನಲ್ಲಿ ಹೇಳಿದ ಆ ಮಾತು ನನಗೆ ಇನ್ನೂ ಅವರ ದನಿಯಲ್ಲೇ ಕೇಳಿಸುತ್ತದೆ: “ಒರಳು ದೊಡ್ಡವಂಗೆ, ಮಣೆ ಸಣ್ಣವಂಗೆ.” ಯಾರೂ ಮರುಮಾತಾಡಲಿಲ್ಲ. ಒರಳು ಹೇಗೂ ಹಳೆಯ ಮನೆಯ ಹಿಂಬದಿಯಲ್ಲಿ ನೆಲಕ್ಕೆ ಹೂತ ಕಲ್ಲು. ಮಣೆಯನ್ನು ನಾನೇ ಎತ್ತಿಕೊಂಡು ಹೊಸ ಮನೆಗೆ ತಂದೆ. ಎಂಟು ವರ್ಷದ ನನ್ನ ತೋಳಿಗೆ ಅದು ಬಹಳ ಭಾರವಾಗಿತ್ತು.

ಮೊದಲ ವರ್ಷ ಎರಡೂ ಮನೆಗಳಲ್ಲಿ ಹಪ್ಪಳವಾಗಲಿಲ್ಲ. ಒರಳಿದ್ದವರು ಕುಟ್ಟಿ ಕೈಯಲ್ಲೇ ತಟ್ಟಿಕೊಳ್ಳಬಹುದಿತ್ತು, ಮಣೆಯಿದ್ದವರು ಬೇರೆಲ್ಲಿಂದಲೋ ಒರಳು ತರಿಸಿಕೊಳ್ಳಬಹುದಿತ್ತು. ಇಬ್ಬರೂ ಆ ಗೊಡವೆಗೆ ಹೋಗಲಿಲ್ಲ. ಮರದಲ್ಲಿ ಕಾಯಿಗಳು ಹಣ್ಣಾಗಿ, ಮಳೆಗೆ ಸಿಕ್ಕಿ, ಒಂದೊಂದಾಗಿ ಬಿದ್ದು ಕೊಳೆತವು. ಆಗ ಹಲಸು ಎಂದರೆ ಯಾರಿಗೂ ಬೆಲೆಯಿಲ್ಲದ ವಸ್ತು, ಬುಡದಲ್ಲಿ ಕೊಳೆತರೂ ಕೇಳುವವರಿರಲಿಲ್ಲ. ಕೇರಳ ಸರಕಾರ 2018ರ ಮಾರ್ಚ್‌ನಲ್ಲಿ ಹಲಸನ್ನು ರಾಜ್ಯದ ಅಧಿಕೃತ ಹಣ್ಣೆಂದು ಘೋಷಿಸಿದ ದಿನ ನನಗೆ ನೆನಪಾದದ್ದು ಆ ವರ್ಷ ನಮ್ಮ ಅಂಗಳದ ಬದಿಯಲ್ಲಿ ನೊಣ ಮುತ್ತಿಕೊಂಡು ಬಿದ್ದಿದ್ದ ಹಣ್ಣುಗಳೇ. ಆಟಿ ತಿಂಗಳ ಮಳೆಯಲ್ಲಿ ಊಟದ ಎಲೆಯ ಆ ಮೂಲೆ ಖಾಲಿಯಾಗಿ ಕಾಣುತ್ತಿತ್ತು. ಅಮ್ಮ ಅಂಗಡಿಯಿಂದ ಉದ್ದಿನ ಹಪ್ಪಳ ತರಿಸಿದರು. ಅಪ್ಪ ಅದನ್ನು ತಿನ್ನಲಿಲ್ಲ, ಬೇಡವೆಂದು ಹೇಳಲೂ ಇಲ್ಲ, ಎಲೆಯ ಬದಿಗೆ ಸರಿಸಿಟ್ಟರು.

ಎರಡನೆಯ ವರ್ಷ ವಿಷು ಕಳೆದು ಒಂದು ವಾರವಾಗಿತ್ತು. ಹಳೆಯ ಮನೆಯ ಬಾವಿಕಟ್ಟೆಯ ಹತ್ತಿರ ಆಡುತ್ತಿದ್ದ ನನ್ನನ್ನು ಅಜ್ಜಿ ಕರೆದು, “ನಾಳೆ ಹಪ್ಪಳ ಮಾಡ್ಲೆ ಇದ್ದು, ಮಣೆ ತೆಕ್ಕೊಂಡು ಬರೆಕ್ಕು” ಎಂದು ಹೇಳಿಕಳಿಸಿದರು. ಅಮ್ಮ ಆ ಮಾತನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅನಂತರ ಅಟ್ಟದಿಂದ ಮಣೆ ಇಳಿಸಿ, ತೊಳೆದು, ಒರೆಸಿ, ಎಣ್ಣೆ ಹಚ್ಚಿ ಬಾಗಿಲ ಬಳಿ ಇಟ್ಟರು. ರಾತ್ರಿ ಊಟಕ್ಕೆ ಬಂದ ಅಪ್ಪ ಅದನ್ನು ನೋಡಿದರು. ಏನೂ ಕೇಳಲಿಲ್ಲ. ಮರುದಿನ ಮುಂಜಾನೆ ಅಮ್ಮ ಮಣೆಯನ್ನು ಸೊಂಟಕ್ಕೆ ಆನಿಸಿಕೊಂಡು ಅಂಗಳ ದಾಟಿದರು, ನಾನು ಹಿಂದೆ ಹೋದೆ. ದೊಡ್ಡಮ್ಮ ಆಗಲೇ ಒನಕೆಗಳನ್ನು ತೊಳೆದಿಟ್ಟಿದ್ದರು. ಇಬ್ಬರೂ ಎದುರು ಬದುರು ನಿಂತು ಕುಟ್ಟತೊಡಗಿದಾಗ ಮೊದಲ ಹತ್ತು ಹನ್ನೆರಡು ಪೆಟ್ಟುಗಳು ತಪ್ಪಿದವು, ಒನಕೆಗೆ ಒನಕೆ ತಾಗಿತು. ಅಜ್ಜಿ ಕೈ ಹಿಂದೆಗೆದುಕೊಂಡು ಕಾದರು. ಆಮೇಲೆ ಸರಿಹೋಯಿತು.

ಮಧ್ಯಾಹ್ನ ಮೂರರ ಹೊತ್ತಿಗೆ 400ಕ್ಕೂ ಹೆಚ್ಚು ಹಪ್ಪಳಗಳು ಅಂಗಳದಲ್ಲಿದ್ದವು. ಬಿಸಿಲು ಇಳಿಯತೊಡಗಿದ್ದರಿಂದ ಚಾಪೆಗಳನ್ನು ಬಿಸಿಲಿದ್ದ ಕಡೆಗೆ, ಅಂದರೆ ಕೆಳಗಿನ ನಮ್ಮ ಬದಿಗೆ, ನಾವು ಮಕ್ಕಳೇ ಎಳೆದುತಂದಿದ್ದೆವು. ಮೂಡು ದಿಕ್ಕಿನ ಗುಡ್ಡದ ಹಿಂದೆ ಗುಡುಗು ಕೇಳಿಸಿದ್ದು ನೆನಪಿದೆ. ಬೇಸಗೆಯ ಮಳೆ ಹೇಳಿ ಬರುವುದಿಲ್ಲ. ಅಂಗಳದ ಧೂಳಿನಲ್ಲಿ ರೂಪಾಯಿಯಗಲದ ಹನಿಗಳು ಬೀಳತೊಡಗಿದಾಗ ಹೆಂಗಸರು ಒರಳಿನ ಬಳಿಯಿಂದ ಕೂಗಿಕೊಂಡರು. ಹಳೆಯ ಮನೆಯ ಜಗಲಿಯಿಂದ ದೊಡ್ಡಪ್ಪ ಓಡಿಬಂದರು. ಹೊಸ ಮನೆಯ ಒಳಗಿನಿಂದ ಅಪ್ಪ ಓಡಿಬಂದರು. ಚಾಪೆಯನ್ನು ಸುತ್ತುವಂತಿರಲಿಲ್ಲ, ಸುತ್ತಿದರೆ ಹಸಿ ಹಪ್ಪಳಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಎರಡು ತುದಿಗಳನ್ನು ಇಬ್ಬರು ಹಿಡಿದು, ನಡುವೆ ಜೋತುಬೀಳದಂತೆ ಬಿಗಿಯಾಗಿ ಎತ್ತಿ, ಸಮವಾಗಿ ಹೆಜ್ಜೆ ಹಾಕಬೇಕು. ಅಣ್ಣ ತಮ್ಮ ಇಬ್ಬರೂ ಒಂದೊಂದು ತುದಿ ಹಿಡಿದರು. ಮರದಿಂದ ಕಾಯಿ ಇಳಿಸುವಾಗ ಹಗ್ಗ ಸಡಿಲಿಸುತ್ತಿದ್ದ ಹಾಗೆಯೇ, ಮಾತಿಲ್ಲದೆ, ಆರು ಚಾಪೆಗಳನ್ನು ಒಂದರ ಹಿಂದೊಂದು ಹೊತ್ತು ಹತ್ತಿರವಿದ್ದ ಮಾಡಿನ ಕೆಳಗೆ ತಂದಿಟ್ಟರು. ಹತ್ತಿರವಿದ್ದದ್ದು ನಮ್ಮ ಮನೆಯ ಜಗಲಿ.

ಕೊನೆಯ ಚಾಪೆಯನ್ನು ಇಟ್ಟು ಮುಗಿಸುವಾಗ ಮಳೆ ಬಿರುಸಾಯಿತು. ದೊಡ್ಡಪ್ಪನಿಗೆ ವಾಪಸು ಹೋಗುವಂತಿರಲಿಲ್ಲ. ಹೊಸ ಮನೆ ಕಟ್ಟಿಸಿದ ಮೇಲೆ ಅವರು ನಮ್ಮ ಜಗಲಿ ಹತ್ತಿದ್ದು ಅದೇ ಮೊದಲು. ಅಪ್ಪ ಒಳಗೆ ಹೋಗಿ ತಂಬಿಗೆಯಲ್ಲಿ ನೀರು, ಬಟ್ಟಲಿನಲ್ಲಿ ಬೆಲ್ಲ ತಂದಿಟ್ಟರು. ಬಿಸಿಲಿನಲ್ಲಿ ಬಂದ ನೆಂಟರಿಗೆ ಬೆಲ್ಲನೀರು ಕೊಡುವುದು ನಮ್ಮ ಕಡೆಯ ಮರ್ಯಾದೆ. ಮನೆಯವರಿಗೆ ಯಾರೂ ಕೊಡುವುದಿಲ್ಲ. ದೊಡ್ಡಪ್ಪ ಆ ಬಟ್ಟಲನ್ನು ಬಹಳ ಹೊತ್ತು ನೋಡಿದರು. ನನಗೆ ಆಗ ಅರ್ಥವಾಗದಿದ್ದ ಆ ನೋಟ, ನಾನು ಅವರ ವಯಸ್ಸಿಗೆ ಬಂದಂತೆ ಹೆಚ್ಚು ಹೆಚ್ಚಾಗಿ ನೆನಪಾಗುತ್ತದೆ. ಅವರು ಬೆಲ್ಲದ ಒಂದು ಚೂರನ್ನು ಬಾಯಿಗೆ ಹಾಕಿಕೊಂಡು, ನೀರು ಕುಡಿದು, ತಂಬಿಗೆ ಕೆಳಗಿಟ್ಟು, ಹಪ್ಪಳ ನೆನೆದಿದೆ, ಈ ಚಾಪೆಗಳೂ ಒದ್ದೆಯಾದವು, ನಾಳೆ ಬೇರೆ ಚಾಪೆಗೆ ಹಾಕಬೇಕು ಎಂದರು. ಅಪ್ಪ ನಮ್ಮಲ್ಲಿ ಎರಡು ಇವೆ ಎಂದರು. ನಮ್ಮಲ್ಲಿ ನಾಲ್ಕು ಇವೆ ಎಂದರು ದೊಡ್ಡಪ್ಪ. ಮಳೆ ನಿಲ್ಲುವವರೆಗೂ ಅವರು ಬೇರೇನನ್ನೂ ಮಾತನಾಡಲಿಲ್ಲ.

ಎರಡು ದಿನ ಮೋಡ ಕವಿದಿತ್ತು. ಒಣಗಿದ ಮೇಲೆ ಆ ಹಪ್ಪಳಗಳ ಬಣ್ಣ ಕಪ್ಪಾಗಿತ್ತು, ರುಚಿಯಲ್ಲಿ ಸ್ವಲ್ಪ ಹುಳಿಯೂ ಸೇರಿತ್ತು. ಬಿಸಾಡುವ ಮಾತನ್ನು ಅಜ್ಜಿ ಆಡಗೊಡಲಿಲ್ಲ. ಎಲ್ಲವನ್ನೂ ಎಣಿಸಿ, ಇಪ್ಪತ್ತೈದರ ಕಟ್ಟು ಮಾಡಿ, ಎರಡು ಮನೆಗೂ ಸರಿಸಮವಾಗಿ ಕೊಟ್ಟರು. ಒಂದೊಂದು ಹಪ್ಪಳದ ಬೆನ್ನಿನಲ್ಲೂ ಎರಡು ಚಾಪೆಗಳ ಗುರುತು ಇತ್ತು, ಮೊದಲನೆಯ ದಿನದ ನೇಯ್ಗೆ ನೇರವಾಗಿ, ಮೂರನೆಯ ದಿನದ್ದು ಅದರ ಮೇಲೆ ಓರೆಯಾಗಿ. ಆ ಮಳೆಗಾಲವಿಡೀ ಅಪ್ಪ ಊಟಕ್ಕೆ ಕುಳಿತಾಗ ಹಪ್ಪಳವನ್ನು ಕೇಳಿ ಹಾಕಿಸಿಕೊಂಡರು. ಅಣ್ಣತಮ್ಮಂದಿರ ನಡುವೆ ಮೊದಲಿನ ಸಲುಗೆ ಮರಳಿತೆಂದು ನಾನು ಹೇಳಲಾರೆ. ಗೆರೆ ಅಳಿಸಿಹೋಗಲಿಲ್ಲ. ಆದರೆ ಅಜ್ಜಿ ಇದ್ದಷ್ಟು ವರ್ಷವೂ, ಅವರು ಹೋದ ಮೇಲೆ ಮತ್ತೆ ನಾಲ್ಕು ಬೇಸಗೆಗಳ ಕಾಲವೂ, ಅಮ್ಮ ಮಣೆ ಹಿಡಿದುಕೊಂಡು ಅಂಗಳ ದಾಟುತ್ತಿದ್ದರು. ಅನಂತರ ಅಮ್ಮನಿಗೆ ತೋಳು ನೋವು ಬಂತು, ದೊಡ್ಡಮ್ಮ ತೀರಿಕೊಂಡರು, ಮಕ್ಕಳೆಲ್ಲ ಓದಿಗೂ ಕೆಲಸಕ್ಕೂ ಊರು ಬಿಟ್ಟೆವು. ಪೇಟೆಯಲ್ಲಿ ಹಪ್ಪಳ ಪ್ಯಾಕೆಟ್ಟಿನಲ್ಲಿ ಸಿಗತೊಡಗಿತು.

ಕಚೇರಿಯಲ್ಲಿ ಆ ಸಂಜೆ ಇಷ್ಟನ್ನೂ ನಾನು ಹೇಳಲಿಲ್ಲ. ಚಾಪೆಯ ಗುರುತಿನ ಬಗ್ಗೆ ಮಾತ್ರ ಕೇಳಿದೆ. ನೀಲೇಶ್ವರದ ಸಹೋದ್ಯೋಗಿಯ ಮುಖ ಅರಳಿತು. ಪ್ಲಾಸ್ಟಿಕ್ ಹಾಳೆಯಲ್ಲಿ ಬೇಗ ಒಣಗುತ್ತದೆಂದು ಘಟಕದ ಕಿರಿಯರು ಎಷ್ಟು ಹೇಳಿದರೂ ತನ್ನ ಅತ್ತೆ ಓಲೆಚಾಪೆಯನ್ನು ಬಿಡುವುದಿಲ್ಲವೆಂದು, ಹಸಿಯ ನೀರನ್ನು ಓಲೆ ಹೀರಿಕೊಳ್ಳುವುದರಿಂದ ಹಪ್ಪಳ ಎರಡೂ ಕಡೆ ಒಂದೇ ಸಮನಾಗಿ ಒಣಗುತ್ತದೆಂಬುದು ಅವರ ವಾದವೆಂದು ಹೇಳಿದರು. ತಮ್ಮ ಹಿರಿಯರ ಮನೆಯಾದ ತರವಾಡಿನಲ್ಲಿ ಚಿಕ್ಕಂದಿನಲ್ಲಿ ಹಪ್ಪಳ ಕಾಯುವಾಗ ನಿದ್ದೆ ಹೋಗಿ, ಒಂದು ಚಾಪೆಯ ಅಷ್ಟೂ ಹಪ್ಪಳ ಆಡಿನ ಪಾಲಾದ ಕಥೆಯನ್ನೂ ಹೇಳಿದರು. ಮಂಜೇಶ್ವರದ ಇನ್ನೊಬ್ಬರು ಹಲಸಿನ ಸೊಳೆಯ ಕರಿದ ತಿಂಡಿಯಾದ ಉಂಡ್ಲಕಾಳಿನ ಮಾತು ತೆಗೆದರು. ಚಹಾದ ಹೊತ್ತು ಮುಗಿದು ಅರ್ಧ ಗಂಟೆ ಕಳೆದಿತ್ತು. ಹೊರಡುವಾಗ ನೀಲೇಶ್ವರದವರು ಆ ಕಟ್ಟಿನಿಂದ ಐದು ಹಪ್ಪಳಗಳನ್ನು ಕಾಗದದಲ್ಲಿ ಸುತ್ತಿ ನನಗೆ ಕೊಟ್ಟರು.

ಅಪ್ಪನಿಗೆ ಈಗ ಎಂಬತ್ತನಾಲ್ಕು. ಕರಿದದ್ದನ್ನು ಜಗಿಯಲಾಗುವುದಿಲ್ಲ. ನಾನು ಕಾಗದ ಬಿಡಿಸಿ ಕರಿಯದ ಹಪ್ಪಳವನ್ನೇ ಅವರ ಕೈಗಿತ್ತೆ. ಅವರು ಅದನ್ನು ತಿರುವಿ, ಬೆನ್ನಿನ ಮೇಲೆ ಹೆಬ್ಬೆರಳನ್ನು ಆಡಿಸಿ, ಬೆಳಕಿಗೆ ಹಿಡಿದು ನೋಡಿ, ಇದರಲ್ಲಿ ಒಂದೇ ಚಾಪೆ ಇದೆ ಎಂದರು. ಆ ಮಧ್ಯಾಹ್ನವನ್ನು ನೆನಪಿಟ್ಟುಕೊಂಡಿರುವುದು ನಾನೊಬ್ಬನೇ ಎಂದು ಇಷ್ಟು ವರ್ಷ ತಿಳಿದಿದ್ದೆ. ದೊಡ್ಡಪ್ಪ ಹೋಗಿ ಒಂಬತ್ತು ವರ್ಷಗಳಾದವು. ಅಪ್ಪ ಆ ದಿನದ ಮಾತನ್ನು ಒಮ್ಮೆಯೂ ಎತ್ತಿದವರಲ್ಲ. ಸ್ವಲ್ಪ ಹೊತ್ತಿನ ನಂತರ ಅವರೇ, ಒರಳು ಈಗ ಹೇಗಿದೆ ಎಂದು ಕೇಳಿದರು.

ನನಗೂ ಗೊತ್ತಿರಲಿಲ್ಲ. ಹಳೆಯ ಮನೆಯಲ್ಲಿ ಈಗ ದೊಡ್ಡಪ್ಪನ ಮಗ ಮತ್ತು ಅತ್ತಿಗೆ ಇದ್ದಾರೆ. ನಾನು ಅತ್ತಿಗೆಗೆ ಫೋನ್ ಮಾಡಿ ಒರಳಿನ ವಿಷಯ ವಿಚಾರಿಸಿದೆ. ಹಿತ್ತಿಲಿನಲ್ಲಿ ಇದ್ದ ಹಾಗೆಯೇ ಇದೆ, ಮಳೆನೀರು ನಿಂತಿದೆ, ಹಕ್ಕಿಗಳು ಬಂದು ಕುಡಿಯುತ್ತವೆ ಎಂದರು. ಅವರಿಗೆ ಬೇಡವಾಗಿದ್ದರೆ ಅಗೆದು ತೆಗೆಸಿ ನಮ್ಮ ಮನೆಗೆ ತರಿಸಿಕೊಳ್ಳಬಹುದೇ ಎಂದು ನಾನು ಸಂಕೋಚದಿಂದಲೇ ಕೇಳಿದೆ. ಅತ್ತಿಗೆ ಈ ಮನೆಗೆ ಸೊಸೆಯಾಗಿ ಬಂದದ್ದು ಅಜ್ಜಿ ತೀರಿಕೊಂಡ ಬಹಳ ವರ್ಷಗಳ ಮೇಲೆ. ಜಗಲಿಯಲ್ಲಿ ಪಾತ್ರೆ ಹಂಚಿದ ಆ ಮಧ್ಯಾಹ್ನದ ಕಥೆ ಅವರಿಗೆ ಗೊತ್ತಿರಲಾರದು.

“ಒರಳು ಇಲ್ಲಿಯೇ ಇರಳಿ,” ಎಂದರು ಅವರು, “ಬಪ್ಪ ವಿಷು ಕಳುದ ಮೇಲೆ ನಿಂಗೊ ಮಣೆ ತೆಕ್ಕೊಂಡು ಬನ್ನಿ.”

ಫೋನ್ ಇಟ್ಟು ನಾನು ಅಟ್ಟ ಹತ್ತಿದೆ. ಮಣೆ ಹಳೆಯ ಗೋಣಿಯೊಳಗೆ ಸುರಕ್ಷಿತವಾಗಿತ್ತು. ಬಿಜಾಗರಿ ಮಾತ್ರ ತುಕ್ಕು ಹಿಡಿದಿದೆ, ಬದಿಯಡ್ಕದ ಕಮ್ಮಾರನಲ್ಲಿಗೆ ಒಯ್ಯಬೇಕು.